ಮುಂದಿನ ಚಕ್ರ ಬಿಚ್ಚಿಕೊಟ್ಟ ನೆನಾದ್

ಬೆಳಗಿನ ಐದೂವರೆ. ಅಮೆರಿಕದ ಮೌಂಟನ್ ವ್ಯೂ ಊರಿನ ಹೇಮಶ್ರೀ ಅವರ ಅಡುಗೆಮನೆಯಲ್ಲಿ ನೆನಾದ್ ವುಕೋಟಿಚ್ ಎಂಟು ಬಾಟ್ಲಿಗಳಿಗೆ ನೀರು ತುಂಬಿಸುತ್ತಿದ್ದಾರೆ. ಸರ್ಬಿಯಾದ ವಾಲ್ಯೆವೊ ಊರಿನವರು, ವಯಸ್ಸು ಮೂವತ್ತೇಳು, ಈ ಮನೆಯ ಹಿಂದಿನ ಕೋಣೆಯ ಬಾಡಿಗೆದಾರ. ಎಂಟನ್ನೂ ಜೆರ್ಸಿಯ ಬೆನ್ನಿಗೆ ತುರುಕಿಕೊಂಡು, ಸೈಕಲ್ ತುಳಿಯುತ್ತಾ ಫ್ರೀವೇ ದಾಟಿ ಗುಡ್ಡ ಹತ್ತುವುದು ಅವರ ಅಭ್ಯಾಸ. ರೇಸಿನಲ್ಲೂ ಅದೇ ಕೆಲಸ ತಾನೇ!

ಸೈಕಲ್ ರೇಸೆಂದರೆ ಒಬ್ಬರ ಓಟ ಎಂದುಕೊಂಡಿರಾ? ಒಬ್ಬ ಗೆಲ್ಲಲು ತಂಡದ ಉಳಿದವರು ಬೆವರು ಸುರಿಸಬೇಕು. ಹಿಂದೆ ಬರುವ ತಂಡದ ಕಾರಿನಿಂದ ನೀರು ತರಬೇಕು, ಎದುರುಗಾಳಿಗೆ ಎದೆಯೊಡ್ಡಬೇಕು, ನಾಯಕನ ಟೈರು ಪಂಕ್ಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡಬೇಕು. ಹದಿನಾಲ್ಕು ವರ್ಷದಿಂದ ದಿನಕ್ಕೆ ನೂರನಲವತ್ತು ಕಿಲೋಮೀಟರು ತುಳಿಯುತ್ತಿರುವ ನೆನಾದ್ ಗೆದ್ದ ರೇಸು ಒಂದೂ ಇಲ್ಲ.

"ಗೆಲ್ಲಾಕಿಲ್ಲ ಅಂದ್ಮ್ಯಾಕೆ ಯಾಕಪ್ಪಾ ಹಿಂಗ್ ತುಳಿದು ಸಾಯ್ತೀಯಾ?" ಹೇಮಶ್ರೀಯವರ ಅತ್ತೆ, ಮಂಡ್ಯದ ಗೌರಮ್ಮ, ಉಪ್ಪಿಟ್ಟು ಬಡಿಸುತ್ತಾ ಗದರುತ್ತಾರೆ. ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ.

"ಯಾರಾದ್ರೂ ನೀರು ತರ್ಬೇಕಲ್ಲಮ್ಮಾ" ಎಂದು ನೆನಾದ್ ನಗುತ್ತಾರೆ.

ಈ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಒಮ್ಮೆಯಾದರೂ ಮೊದಲ ಮೂವರಲ್ಲಿ ಬಂದರಷ್ಟೇ ಮುಂದಿನ ವರ್ಷ ತಂಡದಲ್ಲಿ ಜಾಗ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದರು. ಉಳಿದಿದ್ದದ್ದು ಕಳೆದ ಭಾನುವಾರದ ಒಂದೇ ರೇಸು. ಅಬ್ಬಾ, ಎಂಥ ಅದೃಷ್ಟ! ಒಂಬತ್ತು ಕಿಲೋಮೀಟರು ಬಾಕಿಯಿರುವಾಗ ಮುಂದಿದ್ದವರು ಮೂವರೇ: ನೆನಾದ್, ಅವರ ತಂಡದ ನಾಯಕ ಕೋಲ್ಬಿ, ಎದುರಾಳಿಯೊಬ್ಬ. ಮಿಕ್ಕವರು ಮೂರು ನಿಮಿಷ ಹಿಂದೆ. ಬೀಳದೆ ತುಳಿದಿದ್ದರೆ ಸಾಕಿತ್ತು, ಮೂರನೆಯ ಸ್ಥಾನ ಗ್ಯಾರಂಟಿ.

ಆಗಲೇ ಕೋಲ್ಬಿಯ ಮುಂದಿನ ಟೈರು ಪಂಕ್ಚರ್ ಆಗಬೇಕೆ! ತಂಡದ ಕಾರು ಹಿಂದೆಲ್ಲೋ ಇಕ್ಕಟ್ಟಿನ ಇಳಿಜಾರಿನಲ್ಲಿ ಸಿಕ್ಕಿಕೊಂಡಿತ್ತು. ನೆನಾದ್ ತಮ್ಮ ಚಕ್ರ ಕೊಟ್ಟರು. ಕೋಲ್ಬಿ ಹೋಗಿ ಗೆದ್ದ. ಕಾರು ಬರುವವರೆಗೆ ನೆನಾದ್ ಗಾಳಿಯಿಲ್ಲದ ಚಕ್ರ ಹಿಡಿದು ರಸ್ತೆಬದಿ ನಿಂತರು. ಮೂವತ್ತೆಂಟು ಮಂದಿ ಅವರ ಕಣ್ಣೆದುರೇ ದಾಟಿಹೋದರು. ಮಂಗಳವಾರ ಈಮೇಲ್ ಬಂತು, ಮುಂದಿನ ವರ್ಷ ಜಾಗವಿಲ್ಲವೆಂದು.

ಗೌರಮ್ಮನಿಗಂತೂ ಸಿಟ್ಟು ಇಳಿದಿಲ್ಲ. "ಅವ್ನು ಕೇಳ್ದ ಅಂತ ಕೊಟ್ಬುಡೋದಾ? ನಿನ್ ಹೊಟ್ಟೆಪಾಡು ನೀನು ನೋಡ್ಕಬ್ಯಾಡ್ವಾ?"

ಹೇಮಶ್ರೀ ತಡವರಿಸುತ್ತಲೇ ಅದನ್ನು ದಾಟಿಸುತ್ತಾರೆ. ನೆನಾದ್ ತಟ್ಟೆ ಕೆಳಗಿಡುತ್ತಾರೆ. ಮುಖದಲ್ಲಿ ಈಗ ನಗುವಿಲ್ಲ. ತಮ್ಮ ಕಥೆ ಬರೆದುಕೊಳ್ಳಲು ಬಂದ ಪತ್ರಿಕೆಯವರ ಕಡೆ ತಿರುಗುತ್ತಾರೆ.

"ತಂಡದ ವೆಬ್‌ಸೈಟಲ್ಲೂ ಹೀಗೇ ಹಾಕಿದ್ದಾರೆ, ಕೋಲ್ಬಿ ಕೇಳ್ದ, ನೆನಾದ್ ಕೊಟ್ಟ ಅಂತ. ನೀವಾದ್ರೂ ಸರಿಯಾಗಿ ಬರೀರಿ. ಅವನು ಬಾಯಿ ಬಿಡೋಷ್ಟರಲ್ಲಿ ನಾನು ಚಕ್ರ ಬಿಚ್ಚಿ ಆಗಿತ್ತು."