ಸತ್ತವರ ಪುಟದಲ್ಲಿ ಅಮ್ಮನ ಭಯ

ನಮ್ಮ ಮನೆಯಲ್ಲಿ ಪೇಪರನ್ನು ಯಾರೂ ತಮ್ಮ ಪಾಡಿಗೆ ಓದಿಕೊಳ್ಳುತ್ತಿರಲಿಲ್ಲ. ಬೆಳಗಿನ ಕಾಫಿ ಮುಗಿದ ಮೇಲೆ ಅಪ್ಪ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು, ಅಮ್ಮ ಬಾಗಿಲ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಬೇಕು. ಅಮ್ಮನಿಗೆ ಓದು ಬರುತ್ತಿರಲಿಲ್ಲ ಅಂತಲ್ಲ. ಮೇಷ್ಟರಾಗಿ ನಿವೃತ್ತರಾದ ಗಂಡನ ಬಾಯಿಂದ ಬಂದರಷ್ಟೇ ಅದು ಸುದ್ದಿ ಅನ್ನುವುದು ಅವಳ ಲೆಕ್ಕ. ಅದರಲ್ಲೂ ಮೊದಲು ಓದಬೇಕಾದದ್ದು ಶ್ರದ್ಧಾಂಜಲಿ ಪುಟ. ಯಾರು ಹೋದರು, ನಮಗೆ ಸೂತಕ ಬರುತ್ತದೋ ಇಲ್ಲವೋ, ವೈಕುಂಠ ಸಮಾರಾಧನೆ ಎಲ್ಲಿ, ಇಷ್ಟು ಗೊತ್ತಾಗದೆ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಸಾರಿಗೆ ಬೇಳೆ ಇಡುತ್ತಿರಲಿಲ್ಲ.

ಆ ಪುಟ ಮಾಡುತ್ತಿದ್ದವಳು ನಾನೇ. ಹಾಸನದ ಒಂದು ಸಣ್ಣ ಪತ್ರಿಕೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶ್ರದ್ಧಾಂಜಲಿ ಮತ್ತು ಆಲೂಗಡ್ಡೆ ರೇಟು, ಇವೆರಡು ನನ್ನ ಸಾಮ್ರಾಜ್ಯ. ಆಫೀಸಿನವರು ‘ಸತ್ತೋರ ಸಂಪಾದಕಿ’ ಅಂತ ರೇಗಿಸುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಮುಖಪುಟವನ್ನು ಮಡಚಿ ಬದಿಗಿಡುವವರು ಬೇಕಾದಷ್ಟು ಜನ, ನನ್ನ ಪುಟವನ್ನು ಯಾರೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂತು. ನಮ್ಮೂರಿಗೆ ಬಂತೋ ಇಲ್ಲವೋ, ಟೀವಿಯೊಳಗಂತೂ ಬಂದು ಝಂಡಾ ಊರಿತು. ಇಡೀ ದಿನ ಮುಖಗವಸು ಹಾಕಿದ ಜನ, ಆಂಬುಲೆನ್ಸು, ಕೆಳಗೆ ಓಡುವ ಕೆಂಪು ಪಟ್ಟಿ. ಅಮ್ಮ ಅದರ ಮುಂದೆ ಕೂತವಳು ಏಳುತ್ತಲೇ ಇರಲಿಲ್ಲ. ಮೊದಮೊದಲು ಕೈ ತೊಳೆದಳು. ಆಮೇಲೆ ತೊಳೆದ ಕೈಯನ್ನೇ ಮತ್ತೆ ತೊಳೆದಳು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೊನೆಗೊಂದು ದಿನ, ಇನ್ನು ಮೇಲೆ ಮಕ್ಕಳಿಗೆ ನೀರು ಹಾಕುವುದಿಲ್ಲ ಅಂದುಬಿಟ್ಟಳು.

ಆ ಮಾತು ನಮ್ಮ ಬೀದಿಗೇ ಸಿಡಿಲು. ಅಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ಅಮ್ಮ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳೆಂದರೆ ಅವಳ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. ಅದು ನಮ್ಮನ್ನು ಸಾಕುವಾಗಲೂ ಬಂದಿದ್ದನ್ನು ನಾನು ಕಂಡಿಲ್ಲ. ಎದುರುಮನೆಯಾಕೆಯ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಾಣಂತನಕ್ಕೆ ಅಂತ ಆಗಷ್ಟೇ ತವರಿಗೆ ಬಂದಿದ್ದಳು. ಹುಟ್ಟಿದಾಗ ಅವಳಿಗೂ ನೀರು ಹಾಕಿದ್ದು ಅಮ್ಮನೇ.

“ನಿಮ್ ಕೈನಾಗೇ ನೀರ್ ಉಯ್ಸ್ಕೊಂಡೋಳು ಕಣ್ರವ್ವಾ ನನ್ ಮಗ್ಳು. ಅವ್ಳ ಕೂಸ್ಗೆ ಇನ್ಯಾರ ಕರ್ಕಬರ್ಲಿ?” ಅಂದಳು ಆಕೆ.

“ನನ್ನ ಕೈಯಿಂದಲೇ ಮಗೂಗೆ ಅಂಟಿಬಿಟ್ರೆ?” ಅಂತ ಅಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಆ ಕೈಯಿಂದ ಅವಳನ್ನು ಬೇರೆ ಮಾಡಿದರೆ ಅಮ್ಮ ಅಂತ ಉಳಿಯುವುದೇನು?

ಅಪ್ಪ ಒಂದು ಉಪಾಯ ಹೂಡಿದರು. ಕೇಬಲ್ ಕೆಟ್ಟಿದೆ ಅಂತ ಟೀವಿ ಬಂದ್ ಮಾಡಿದರು. ಪೇಪರು? ಅಟ್ಟದ ರದ್ದಿಯಿಂದ ಹಂದಿಜ್ವರ ಇಲ್ಲದ ಕಾಲದ್ದೊಂದು ಹಳೆಯ ಸಂಚಿಕೆ ಎಳೆದು, ಇವತ್ತಿನದೇ ಅನ್ನುವ ಹಾಗೆ ಮಡಿಕೆ ಬಿಡಿಸಿ ಕೂತರು. ನಾನೂ ಸುಮ್ಮನಿದ್ದೆ. ಆದರೆ ರೂಢಿ ಬಿಡಬೇಕಲ್ಲ! ಅಪ್ಪನ ಬೆರಳು ನೆಟ್ಟಗೆ ಶ್ರದ್ಧಾಂಜಲಿ ಪುಟಕ್ಕೇ ಹೋಯಿತು. ಚನ್ನರಾಯಪಟ್ಟಣದ ಹಿರಿಯರೊಬ್ಬರು ದೈವಾಧೀನರಾದರು ಅಂತ ಗಂಭೀರವಾಗಿ ಓದಿದರು.

ಅಮ್ಮ ಹುರುಳಿಕಾಯಿ ಕೆಳಗಿಟ್ಟಳು. “ಅವರ ಸಮಾರಾಧನೆಗೆ ನಾವಿಬ್ರೂ ಹೋಗಿ ಊಟ ಮಾಡ್ಕೊಂಡು ಬಂದ್ವಲ್ಲ. ಆಂಬೊಡೆ ಚೆನ್ನಾಗಿದೆ ಅಂತ ನೀವು ಇನ್ನೆರಡು ಹಾಕಿಸಿಕೊಂಡ್ರಿ. ಮತ್ತೆ ಸತ್ರಾ?”

ನಗು ತಡೆಯಲಾಗದೆ ನಾನು ಒಳಗೆ ಓಡಿದೆ. ವಾಪಸು ಬಂದಾಗ ಅಮ್ಮ ಅಳುತ್ತಿದ್ದಳು. “ನನ್ನಿಂದ ಮುಚ್ಚಿಡೋ ಅಷ್ಟು ಜೋರಾಗಿದೆಯೇನ್ರೀ?” ಅಂತ ಕೇಳುತ್ತಿದ್ದಳು. ಅಪ್ಪನ ಮುಖ ಇಷ್ಟಾಯಿತು. ಬಚ್ಚಿಟ್ಟ ಸುದ್ದಿ ಓದಿದ ಸುದ್ದಿಗಿಂತ ದೊಡ್ಡದಾಗಿ ಬೆಳೆದಿತ್ತು.

ಅವತ್ತು ಆಫೀಸಿಗೆ ಹೋದವಳೇ ನಮ್ಮದೇ ಪತ್ರಿಕೆಯನ್ನು ತಿರುವಿ ಹಾಕಿದೆ. ‘ಜನರಲ್ಲಿ ಆತಂಕ’, ‘ಹೆಚ್ಚಿದ ಭೀತಿ’, ‘ಬೆಚ್ಚಿಬಿದ್ದ ಜಿಲ್ಲೆ’. ಭಯ ಇಲ್ಲದ ತಲೆಬರಹವೇ ಇಲ್ಲ. ಆದರೆ ಭಯ ಬಿದ್ದವರು ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಸಂಪಾದಕರ ಬಳಿ ಹೋಗಿ, ಇದರ ಬಗ್ಗೆ ಬರೆಯೋಣ ಸಾರ್ ಅಂದೆ.

“ಭಯಕ್ಕೆ ಫೋಟೋ ಎಲ್ಲಿಂದ ತರ್ತೀಯಮ್ಮ? ತಲೆ ಮೇಲೆ ಕೈ ಹೊತ್ತ ಹೆಂಗಸಿನ ಚಿತ್ರ ಒಂದಿದೆ, ಮಳೆ ಬರದಿದ್ರೂ ಅದೇ ಹಾಕ್ತೀವಿ” ಅಂತ ನಕ್ಕರು. ಕೆಟ್ಟವರಲ್ಲ, ಪಾಪ. ಮನಸ್ಸು ಅಂದರೆ ಹುಚ್ಚಾಸ್ಪತ್ರೆ, ಇಲ್ಲವೇ ಆತ್ಮಹತ್ಯೆ. ಇವೆರಡರ ನಡುವೆ ಸುದ್ದಿ ಇರಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಮಾತ್ರ ಮೈ ಉರಿಯಿತು.

ಅಮ್ಮನಿಗೆ ಇನ್ನು ಸುಳ್ಳು ಹೇಳುವುದು ಬೇಡ ಅಂತ ತೀರ್ಮಾನಿಸಿ, ಹಾಸನದಲ್ಲಿ ಮನಸ್ಸಿನ ಡಾಕ್ಟರಿದ್ದಾರೆ, ಹೋಗೋಣ ಅಂದೆ. “ನಾನೇನು ಹುಚ್ಚಿಯಾ?” ಅಂದಳು. “ಅಲ್ಲ, ಹೆದರಿದ್ದೀಯ” ಅಂದೆ. ಎದ್ದು ರೇಷ್ಮೆ ಸೀರೆ ಉಟ್ಟು ಹೊರಟಳು. ಹೆಣ್ಣು ನೋಡುವ ಶಾಸ್ತ್ರಕ್ಕೂ ಅಷ್ಟು ಸಿಂಗರಿಸಿಕೊಂಡಿರಲಿಕ್ಕಿಲ್ಲ.

ನಾನು ಮೊದಲೇ ಎಲ್ಲ ಹೇಳಿದ್ದರೂ ಡಾಕ್ಟರು ಭಯದ ವಿಷಯವನ್ನೇ ಎತ್ತಲಿಲ್ಲ. ಕೂಸಿಗೆ ನೀರು ಹಾಕುವುದು ಹೇಗೆ ಅಂತ ಕೇಳಿದರು. ಅಮ್ಮ ಶುರು ಹಚ್ಚಿಕೊಂಡಳು: ನೀರಿನ ಹದ, ನೆತ್ತಿಗೆ ಎಣ್ಣೆ, ಸಾಂಬ್ರಾಣಿ ಹೊಗೆ. ಡಾಕ್ಟರು ಪೂರ್ತಿ ಕೇಳಿ, “ಹೆದರಿಕೆ ಬಂದಿದ್ದು ತಪ್ಪಲ್ಲಮ್ಮ. ಮಕ್ಕಳ ಮೇಲಿನ ಕಾಳಜಿಯೇ ಅಳತೆ ಮೀರಿದೆ, ಅಷ್ಟೆ. ಸುದ್ದಿ ದಿನಕ್ಕೆ ಒಂದು ಸಲ ಕೇಳಿ, ಆಮೇಲೆ ಪೇಪರ್ ಮಡಚಿಡಿ. ನೆಗಡಿ ಜ್ವರ ಇದ್ರೆ ಮಗು ಹತ್ರ ಹೋಗಬೇಡಿ. ಇಲ್ಲದಿದ್ರೆ ಸೋಪಲ್ಲಿ ಕೈ ತೊಳೆದು ನೀರು ಹಾಕಿ” ಅಂದರು. ನಿದ್ದೆ ಹತ್ತಲು ಸ್ವಲ್ಪ ದಿನಕ್ಕೆ ಮಾತ್ರೆ ಬರೆದರು. ಜೊತೆಗೆ ಬಂದಿದ್ದ ಅಪ್ಪನ ಕಡೆ ತಿರುಗಿ, “ಹಳೇ ಪೇಪರ್ ಓದಬೇಡಿ ಸಾರ್” ಅಂದರು.

ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ, ಇದನ್ನು ಬರೆಯಲಾ ಅಂತ. ಕಿಟಕಿಯಾಚೆ ನೋಡುತ್ತಾ, “ಹೆಸರು ಹಾಕಬೇಡ. ನೀರಿನ ಹದ ಮಾತ್ರ ತಪ್ಪು ಬರೀಬೇಡ” ಅಂದಳು.

ಮುಖಪುಟದಲ್ಲಿ ಜಾಗವಿಲ್ಲ ಅಂತ ಸಂಪಾದಕರು ಕೈ ಅಲ್ಲಾಡಿಸಿದರು. ನನ್ನ ಪುಟದಲ್ಲಿ ನನ್ನದೇ ಮಾತು ನಡೆಯುತ್ತಿತ್ತು. ಅವತ್ತು ಜಿಲ್ಲೆಯ ಪುಣ್ಯ, ಸತ್ತವರು ಕಡಿಮೆ. ಶ್ರದ್ಧಾಂಜಲಿಯ ಕೆಳಗೆ, ಆಲೂಗಡ್ಡೆ ರೇಟಿನ ಪಕ್ಕದಲ್ಲಿ, ಕೂಸುಗಳಿಗೆ ನೀರು ಹಾಕುವ ಒಬ್ಬ ತಾಯಿಯ ಭಯವನ್ನೂ ಡಾಕ್ಟರು ಹೇಳಿದ್ದನ್ನೂ ಕೂರಿಸಿದೆ.

ಮರುದಿನ ಅಪ್ಪ ಅದನ್ನು ಓದಿದರು, ಸತ್ತವರನ್ನು ಓದುವ ಅದೇ ಗಂಭೀರ ದನಿಯಲ್ಲಿ. ಅಮ್ಮ ಯಾರದೋ ಮನೆಯ ಕಥೆ ಅನ್ನುವ ಹಾಗೆ ಕೇಳಿದಳು. ಕೊನೆಗೆ “ಪಾಪ, ಎಷ್ಟು ಹೆದರಿದ್ದಳೋ” ಅಂದಳು. ಅಷ್ಟು ಹೊತ್ತಿಗೆ ಆಫೀಸಿಗೆ ಫೋನು ಶುರುವಾಗಿತ್ತು. ನುಗ್ಗೇಹಳ್ಳಿಯಿಂದ ಒಬ್ಬರು, ನಮ್ಮತ್ತೆಯೂ ಹೀಗೇ ಮಾಡುತ್ತಿದ್ದಾರೆ, ಡಾಕ್ಟರು ಎಲ್ಲಿ ಸಿಗುತ್ತಾರೆ ಅಂತ ಕೇಳಿದರು. ಸಂಪಾದಕರು ನನ್ನ ಮೇಜಿನ ಹತ್ತಿರ ಬಂದು, “ಇಂಥದ್ದು ಇನ್ನೊಂದು ಬರಿ” ಅಂದು ಹೋದರು. ನನಗೆ ಹಿಗ್ಗೋ ಹಿಗ್ಗು.

ಎದುರುಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಕರೆತಂದರೂ ಅಮ್ಮ ಹೊಸಿಲು ದಾಟಲಿಲ್ಲ. ನಾವ್ಯಾರೂ ಒತ್ತಾಯ ಮಾಡಲಿಲ್ಲ. ಒಂದು ಬೆಳಗ್ಗೆ ಅಪ್ಪ ಓದಿ ಮುಗಿಸಿ, ಡಾಕ್ಟರು ಹೇಳಿದ ಹಾಗೆ ಪೇಪರ್ ಮಡಚಿಟ್ಟರು. ಅಮ್ಮ ಎದ್ದು, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಸೆರಗು ಸಿಕ್ಕಿಸಿ ಎದುರುಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರಡೆರಡು ಸಲ ನೀರಿನ ಹದ ನೋಡಿದಳು. ಎಣ್ಣೆ ತಿಕ್ಕಿ ಮೊದಲನೆಯ ಚೊಂಬು ನೀರು ಹಾಕಿದಳೋ ಇಲ್ಲವೋ, ಮಗು ಅಮ್ಮನ ಮುಖದ ಮೇಲೇ ಸೀನಿತು.

ಆ ವರ್ಷ ಸೀನು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಬಾಣಂತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳ ತಾಯಿ ಬಿಸಿನೀರಿನ ತಂಬಿಗೆ ಹಿಡಿದವಳು ಹಾಗೇ ನಿಂತಳು. ನಾನು ಅಮ್ಮನನ್ನೇ ನೋಡುತ್ತಿದ್ದೆ.

“ನೂರು ವರ್ಷ ಬಾಳು, ಕಂದ” ಅಂದಳು ಅಮ್ಮ. ಭುಜಕ್ಕೆ ಮುಖ ಒರೆಸಿಕೊಂಡು, “ನೀರು ಆರ್ತಾ ಇದೆ, ತಾರೇ ಇಲ್ಲಿ” ಅಂತ ಕೈ ಚಾಚಿದಳು.