ಕುಡಿತ ಬಿಟ್ಟ ಮೂರನೆಯ ದಿನ

ಬೆಳಗಿನ ಚಹಾ ಕಪ್ಪು ಶಿವಪ್ಪನ ಕೈಯಲ್ಲಿ ನಿಲ್ಲಲಿಲ್ಲ. ಕೆಳಗಿನ ಬಸಿಗೆ ಟಕಟಕ ಬಡಿದು ಅಂಗಿಯ ಮೇಲೆ ಚೆಲ್ಲಿತು. ಮುಖವೆಲ್ಲ ಬೆವರು. ನಾನೂ ಅವ್ವನೂ ಮುಖ ಮುಖ ನೋಡಿಕೊಂಡು ನಕ್ಕೆವು. ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ ಅಂದುಕೊಂಡೆವು.

ಶಿವಪ್ಪ ನನ್ನ ತಮ್ಮ. ದೇವರ ಹಿಪ್ಪರಗಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಹಲ್ಲುಜ್ಜುವ ಮೊದಲೇ ಕುಡಿಯುವವನು. ಹೆಂಡತಿ ಏಟು ತಾಳಲಾರದೆ ತವರು ಸೇರಿದ ಮೇಲೆ, ತಾನಾಗಿಯೇ ಲಚ್ಯಾಣದ ಮಠಕ್ಕೆ ಹೋಗಿ ಆಣೆ ಮಾಡಿ ಬಂದ. ಅವತ್ತೇ ನಿಲ್ಲಿಸಿದ. ಪೂರ್ತಿ.

ಮೂರನೆಯ ದಿನ ಮಧ್ಯಾಹ್ನ ಹಾಸಿಗೆಯಿಂದ ಏನನ್ನೋ ಕೊಡವತೊಡಗಿದ.

"ಇರುವಿ, ಅಕ್ಕಾ. ಕಣ್ಣಾಗ ಹೊಂಟಾವು."

ಹಾಸಿಗೆಯ ಮೇಲೆ ಏನೂ ಇರಲಿಲ್ಲ.

ಅವ್ವ ನೀರು ತಂದಳು. ಅವಳನ್ನು ನೋಡಿದ್ದೇ ಎದ್ದು ನಿಂತ. "ಯಾರ ನೀ? ನಮ್ಮವ್ವನ ಸೀರಿ ಉಟಗೊಂಡ ಬಂದೀಯೇನ? ಅಕಿನ್ನ ಏನ ಮಾಡಿದಿ?" ಮೂಲೆಯ ಕಬ್ಬಿಣದ ರಾಡು ಎತ್ತಿ ಬೀಸಿದ. ಅವ್ವ ಕೈ ಅಡ್ಡ ಕೊಟ್ಟಳು.

ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

ನಡುವೆ ಹೋದ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಕುಡಿದು ಹೊಡೆಯುವಾಗ ನಾನು ಯಾರೆಂದು ಅವನಿಗೆ ಗೊತ್ತಿರುತ್ತಿತ್ತು, ಹೆಸರು ಹಿಡಿದೇ ಬೈಯುತ್ತಿದ್ದ. ಈಗ ಬಾಯಲ್ಲಿ ಸೆರೆಯ ವಾಸನೆಯೇ ಇಲ್ಲ, ಆದರೆ ಆ ಕಣ್ಣುಗಳಿಗೆ ನಾನು ಯಾರೋ ಆಗಿದ್ದೆ. ಓಣಿಯವರು ಓಡಿ ಬಂದು ಎಮ್ಮೆಯ ಹಗ್ಗದಿಂದ ಕೈಕಾಲು ಕಟ್ಟಿ ಜೀಪಿಗೆ ಹಾಕಿದರು. ಸಿಂದಗಿ ದಾರಿಯಲ್ಲಿ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡ. ನನ್ನ ಮಡಿಲೆಲ್ಲ ರಕ್ತ.

"ಕುಡಿಯೂದು ಯಾವಾಗ ಬಿಟ್ಟಾರ?" ದವಾಖಾನೆಯ ಲೇಡಿ ಡಾಕ್ಟರ್ ಕೇಳಿದರು.

"ಮೂರ ದಿನಾ ಆತ್ರಿ."

"ಒಮ್ಮಿಗೇ?" ಅವರು ತಲೆ ಅಲ್ಲಾಡಿಸಿದರು. "ಒಮ್ಮಿಗೇ ಬಿಟ್ರ ಹಿಂಗ ಭ್ರಮಿ ಹಿಡೀತೈತಿ, ಇದಕ್ಕ ಡೆಲಿರಿಯಮ್ ಟ್ರೆಮೆನ್ಸ್ ಅಂತಾರ್ರಿ. ಭಾಳ ವರ್ಷ ಕುಡದವ್ರು ದವಾಖಾನ್ಯಾಗ ಇದ್ದು, ಔಷಧಾ ತಗೊಂತ ಬಿಡಬೇಕು. ಮನ್ಯಾಗ ಬಿಟ್ಟು ಸತ್ತವ್ರು ಅದಾರ."

ಬಿಟ್ಟರೂ ಸಾಯಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಐಸಿಯುವಿನಲ್ಲಿ ಮಂಚಕ್ಕೆ ಕಟ್ಟಿ ಇಂಜೆಕ್ಷನ್ ಕೊಟ್ಟರು. ಒದ್ದ, ನರ್ಸ್ ಕೈ ಕಚ್ಚಿದ, ಡ್ರಿಪ್ ಕಿತ್ತ. "ಅವ್ವನ್ನ ಕೊಲ್ಲಾಕತ್ತಾರ, ಬಿಡಿಸ್ರೋ!" ಎಂದು ಚೀರುತ್ತಲೇ ಇದ್ದ. ಬಾಗಿಲ ಹೊರಗೆ ಅವ್ವ ಪ್ಲಾಸ್ಟರ್ ಹಾಕಿದ ಕೈ ಎದೆಗೊತ್ತಿಕೊಂಡು ಅದನ್ನೆಲ್ಲ ಕೇಳುತ್ತ ಕೂತಿದ್ದಳು.

ಕೊನೆಗೊಂದು ಬೆಳಿಗ್ಗೆ ಅವನಿಗೆ ನನ್ನ ಗುರುತು ಹತ್ತಿತು. ಆಮೇಲೆ ಅವ್ವನ ಪ್ಲಾಸ್ಟರ್ ಕಂಡಿತು.

"ಯಾರ ಹೊಡದ್ರು ಯವ್ವಾ?"

ಅವ್ವ, "ಬಿದ್ನೆಪಾ" ಅಂದಳು.

ನಾನು ಸುಳ್ಳಾಡಲಿಲ್ಲ. "ನೀನ ಹೊಡದಿ."

ಅವನು ಅಳಲಿಲ್ಲ. ಎರಡೂ ಅಂಗೈ ಮುಂದೆ ಹಿಡಿದು ಬಹಳ ಹೊತ್ತು ನೋಡಿಕೊಂಡ.

ಈಗ ಗುಳಿಗೆ ನುಂಗುತ್ತಾನೆ, ಕೌನ್ಸೆಲಿಂಗಿಗೆ ಹೋಗುತ್ತಾನೆ. ನಡುವೆ ಒಮ್ಮೆ ಕುಡಿದ; ಮರುದಿನ ತಾನೇ ದವಾಖಾನೆಗೆ ನಡೆದ. ಲಿವರ್ ಪೂರ್ತಿ ಸುಧಾರಿಸುವುದಿಲ್ಲವಂತೆ. ಅವ್ವನ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ, ರೊಟ್ಟಿ ನಾನೇ ಬಡಿಯುತ್ತೇನೆ. ಅವನು ಬದುಕಿದ್ದಾನೆ, ನಾವೂ ಬದುಕಿದ್ದೇವೆ. ಇಷ್ಟು ಉಳಿಯಿತಲ್ಲ ಎಂದು ನನಗೆ ಸಮಾಧಾನವಿದೆ, ನಂಬಿಕೆ ಇನ್ನೂ ಬಂದಿಲ್ಲ.

ನಾನೂ ಅವ್ವನೂ ಒಳಕೋಣೆಯಲ್ಲಿ ಮಲಗುತ್ತೇವೆ. ಅವನು ಪಡಸಾಲೆಯಲ್ಲಿ. ಒಂದು ರಾತ್ರಿ ಬಾಗಿಲನ್ನು ಬರೀ ಮುಚ್ಚಿ ಮಲಗಿದ್ದೆ. ಹೊರಗಿನಿಂದ ಅವನ ದನಿ ಬಂತು:

"ಅಕ್ಕಾ, ಚಿಲಕಾ ಹಾಕ್ಕೋ."