ಡಜನ್ ಆಗದ ಕಟ್ಟು

ಅವರ ಅಂಗೈಯಲ್ಲಿ ಗೆರೆಗಳಿಗಿಂತ ಗಾಜು ಗೀರಿದ ಗುರುತುಗಳೇ ಹೆಚ್ಚಿದ್ದವು. ಆದರೂ ಆ ಕೈ ನಮ್ಮ ಕೈ ಹಿಡಿದರೆ ಬೆಣ್ಣೆ ಮುಟ್ಟಿದ ಹಾಗೆ. ಬೆರಳಿನ ಬುಡವನ್ನು ಮೆಲ್ಲಗೆ ಒತ್ತುತ್ತ ಬೇರೇನೋ ಮಾತು ತೆಗೆಯುವರು. ನಾವು ಉತ್ತರ ಹೇಳುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಎಪ್ಪತ್ತರ ದಶಕದ ಮಾತು. ತಂದೆತಾಯಿ ಇಲ್ಲದ ನಾನು ಶಿಕಾರಿಪುರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದೆ. ಗೌರಿ ಹಬ್ಬ ಹತ್ತಿರವಾದರೆ ಸಾಬರ ಕೇರಿಯಿಂದ ಆ ಬಳೆಗಾರ್ತಿ ಬರುತ್ತಿದ್ದರು. ಮನೆಯವರೆಲ್ಲ ಬೂಬಮ್ಮ ಎನ್ನುತ್ತಿದ್ದೆವು. ಜಗಲಿಯ ಮೇಲೆ ಚಾಪೆ ಹಾಸಿ, ಬುಟ್ಟಿಯ ಬಳೆಗಳನ್ನು ಹರಡಿಕೊಂಡು, ಹನ್ನೆರಡು ಹನ್ನೆರಡಾಗಿ ದಾರ ಕಟ್ಟಿ ಸಾಲಾಗಿ ಇಡುವರು. ಅವುಗಳ ಮೇಲೆ ಬಿಸಿಲು ಬಿದ್ದರೆ ಗೋಡೆಯ ತುಂಬ ಹಸಿರು ಅಲೆ. ಊರ ಹತ್ತಿರದ ಅಂಜನಾಪುರ ಅಣೆಕಟ್ಟಿನ ನೀರೇ ಮನೆಯೊಳಗೆ ಬಂದು ನಿಂತಿದೆ ಅನಿಸುತ್ತಿತ್ತು ನನಗೆ.

ಕೊನೆಗೆ ಡಜನ್ ಆಗದೆ ನಾಲ್ಕೋ ಐದೋ ಉಳಿಯುತ್ತಿದ್ದವು. ಅಂಗಡಿಯವರಾದರೆ ಅಂಥವನ್ನು ಬಿಡಿಯಾಗಿ ಡಬ್ಬಿಗೆ ಹಾಕಿಬಿಡುತ್ತಾರೆ. ಇವರು ಅವಕ್ಕೂ ಅದೇ ದಾರ ಸುತ್ತಿ, ಅದೇ ಗಂಟು ಹಾಕಿ, ಸಾಲಿನ ತುದಿಗೆ ಇಡುತ್ತಿದ್ದರು.

ಒಂದು ವರ್ಷ ಅತ್ತೆ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ಡಜನ್ ತೊಡಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಬ್ಬದ ದಿನ ಬರಿಗೈಯಲ್ಲಿ ಗೌರಮ್ಮನ ಮುಂದೆ ಹೇಗೆ ನಿಲ್ಲಲಿ ಎಂಬುದೊಂದೇ ಚಿಂತೆ. ನನಗೆ ಮುಂದಿನ ಹಬ್ಬಕ್ಕೆ ನೋಡೋಣವೆಂದರು ಅತ್ತೆ.

ಬಳೆಗಾರ್ತಿ ಏಳಲಿಲ್ಲ. "ಒಂದ್ ಕೈ ಬರಿದು ಬಿಟ್ಟು ಎದ್ರೆ ನನ್ನ ಬುಟ್ಟಿಗೆ ಬರ್ಕತ್ತಿರಂಗಿಲ್ರೀ," ಎಂದು ತುದಿಯ ಪುಟ್ಟ ಕಟ್ಟನ್ನು ಎತ್ತಿಕೊಂಡು ನನ್ನನ್ನು ಹತ್ತಿರ ಕರೆದರು.

ಮಾವನ ದೊಡ್ಡ ಮಗಳು ನಕ್ಕಳು. "ಉಳಿದ ಬಳೆ ಉಳಿದೋಳಿಗೆ."

ಅವರು ಆ ಕಟ್ಟನ್ನು ಅವಳ ಮುಂದೆಯೇ ಹಿಡಿದರು. "ಕಮ್ಮಿ ಅದಾವಂತ ಗಂಟು ಸಡ್ಲ ಹಾಕೀನೇನು, ನೋಡವ್ವ. ಇದೂ ಒಂದು ಕಟ್ಟೇ."

ಎಡಗೈಗೆ ಮೂರು, ಬಲಗೈಗೆ ಎರಡು. ಅತ್ತೆ ಒಳಗಿನಿಂದ ಅರಿಶಿನ ಕುಂಕುಮದ ತಟ್ಟೆ ತಂದು, ಮೂವರನ್ನೂ ಒಟ್ಟಿಗೆ ಕೂರಿಸಿ ಹಚ್ಚಿದರು. ಅವರ ಮನಸ್ಸೂ ಕೆಟ್ಟದ್ದಲ್ಲ; ದೇವರು ಅದನ್ನು ತಿರುಗಿಸಿದ, ಅಷ್ಟೆ.

ಮದುವೆಯಾಗಿ ಸೊರಬದ ಕಡೆ ಬಂದ ಮೇಲೆ ಬಳೆಗಾರ್ತಿಯನ್ನು ನೋಡಲು ಆಗಲೇ ಇಲ್ಲ. ಅವರು ತೀರಿಹೋದ ಸುದ್ದಿಯನ್ನು ಅತ್ತೆಯೇ ಹೇಳಿದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ಈಗಲೂ ಶುಕ್ರವಾರ ಹೂ ಕಟ್ಟುವಾಗ ಮೊಳ ತುಂಬಿದ ಮೇಲೂ ನಾಲ್ಕಾರು ಹೂ ಉಳಿಯುತ್ತವೆ. ಅವಕ್ಕೂ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಗೌರಮ್ಮನ ಪಾದದ ಬಳಿ ಇಡುತ್ತೇನೆ. ಇದುವರೆಗೆ ಆ ತಾಯಿ ಬೇಡವೆಂದಿಲ್ಲ.